‘ಪದಗಳ ಅರ್ಥ ಬರಕೊಳ್ರಿ’

ಕನ್ನಡ ಪಠ್ಯಪುಸ್ತಕದಲ್ಲಿ ಪಾಠ ಮುಗಿದ ಮೇಲೆ ಒಂದು ಚಿಕ್ಕ ಪಟ್ಟಿ ಬರುತ್ತದೆ. ಎಡಕ್ಕೊಂದು ಪದ, ನಡುವೆ ಗೀಟು, ಬಲಕ್ಕೆ ಇನ್ನೊಂದು ಪದ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಾಲಿಗಳಲ್ಲಿ ಈ ಪಟ್ಟಿಗಿರುವ ಮರ್ಯಾದೆ ಕೆಲವೊಮ್ಮೆ ಪಾಠಕ್ಕೂ ಇರುವುದಿಲ್ಲ. ‘ಪದಗಳ ಅರ್ಥ ಬರಕೊಳ್ರಿ, ನಾಳಿಗಿ ಒಪ್ಪಸ್ರಿ’ ಎಂಬ ಮಾತು ಕೇಳದೆ ಏಳನೇ ಇಯತ್ತೆ ದಾಟಿದವರು ಇಲ್ಲಿ ಅಪರೂಪ. ಮರುದಿನ ಒಬ್ಬೊಬ್ಬರೇ ಎದ್ದು ನಿಂತು ‘ಕ್ಲೇಶ ಅಂದ್ರ ವ್ಯಥೆ, ಔದಾರ್ಯ ಅಂದ್ರ ಉದಾರತೆ’ ಎಂದು ಒಪ್ಪಿಸಿ ಕೂರುತ್ತಾರೆ.

ಇದು ಕಲಿಕೆಯೋ, ಕಲಿಕೆಯ ಅಣಕವೋ? ಹೊಸ ಶಿಕ್ಷಣಶಾಸ್ತ್ರ ಓದಿಕೊಂಡು ಬಂದವರಿಗೆ ಈ ಬಾಯಿಪಾಠ ಕಂಡರೆ ಆಗದು. ಪದ ಓದಿನಿಂದ, ಮಾತಿನಿಂದ ಬರಬೇಕು ಎನ್ನುತ್ತಾರೆ. ಹಳ್ಳಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಪಾಠ ಮಾಡಿದ ಮಾಸ್ತರರು ಈ ಮಾತಿಗೆ ನಕ್ಕು ಸುಮ್ಮನಾಗುತ್ತಾರೆ. ಅರ್ಥವನ್ನೇ ಕೊಡದಿದ್ದರೆ ಈ ಮಕ್ಕಳು ಓದುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಎರಡೂ ಕಡೆ ಅನುಭವ ಇದೆ, ಎರಡೂ ಕಡೆ ಸ್ವಲ್ಪ ಹಟವೂ ಇದೆ.

ಈ ವಾದ ಮೈಸೂರಿನಲ್ಲೂ ಮಂಗಳೂರಿನಲ್ಲೂ ನಡೆಯುತ್ತದೆ, ಆದರೆ ಇಲ್ಲಿ ಅದಕ್ಕೆ ತೂಕ ಹೆಚ್ಚು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಶೇ 42.43ರ ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಮೊದಲು ಬಂದ ದಕ್ಷಿಣ ಕನ್ನಡ ಶೇ 91 ದಾಟಿತ್ತು. 2011ರ ಜನಗಣತಿಯಂತೆ ಈ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು, ರಾಜ್ಯದ್ದು ಶೇ 75ರ ಆಸುಪಾಸು. ಹಿಂದಿನ ಕಥೆಯೂ ಇದಕ್ಕೆ ಸೇರಿದೆ. 1948ರ ಸೆಪ್ಟೆಂಬರ್ 17ರವರೆಗೆ ಈ ನೆಲ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಕನ್ನಡ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ಪುಸ್ತಕದ ಕನ್ನಡವನ್ನು ಅಜ್ಜನ ಬಾಯಿಂದ ಕೇಳಿ ಬೆಳೆಯುವ ಅವಕಾಶ ಈ ಕಡೆಯ ಬಹಳ ಮನೆಗಳಿಗೆ ಇರಲೇ ಇಲ್ಲ.

ಇನ್ನು ಮನೆಮಾತು. ಆಳಂದದ ಮಗ್ಗುಲಿಗೆ ಮಹಾರಾಷ್ಟ್ರದ ಅಕ್ಕಲಕೋಟೆ, ಹಾಗಾಗಿ ಗಡಿ ಹಳ್ಳಿಗಳಲ್ಲಿ ಮರಾಠಿ. ಊರೊಳಗೆ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡವೇ ಮನೆಮಾತಾದವರದ್ದೂ ‘ಖರೆ’, ‘ಅಗ್ದಿ’, ‘ದಗದ’, ‘ಬ್ಯಾಸಗಿ’ಯ ಕನ್ನಡ. ಪಠ್ಯಪುಸ್ತಕದ ಕನ್ನಡ ಇವರೆಲ್ಲರಿಗೂ ಬೇರೆ ಬೇರೆ ದೂರದಲ್ಲಿದೆ.

ಬಾಯಿಪಾಠದ ಪರವಾದ ಮಾತನ್ನು ಮೊದಲು ಅದರ ಪೂರ್ತಿ ಬಲದಲ್ಲಿ ಕೇಳಬೇಕು, ಏಕೆಂದರೆ ತರಬೇತಿ ಕೊಠಡಿಗಳಲ್ಲಿ ಅದಕ್ಕೆ ಆ ಅವಕಾಶ ಸಿಗುವುದು ಕಡಿಮೆ. ‘ಓದುತ್ತ ಹೋದರೆ ಪದ ತಾನಾಗಿ ಬರುತ್ತದೆ’ ಎಂಬ ಬುದ್ಧಿವಾದ ಪುಸ್ತಕವಿರುವ ಮನೆಗೆ ಹೇಳಿದ್ದು. ಸ್ವಾನ್‌ಬಾರ್ನ್ ಮತ್ತು ಡಿ ಗ್ಲಾಪರ್ ಎಂಬ ಸಂಶೋಧಕರು 1999ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಓದುವಾಗ ಎದುರಾದ ನೂರು ಅಪರಿಚಿತ ಪದಗಳಲ್ಲಿ ವಿದ್ಯಾರ್ಥಿಗಳಿಗೆ ದಕ್ಕಿದ್ದು ಸುಮಾರು ಹದಿನೈದು. ಓದು ಚೆನ್ನಾಗಿ ಬರುವವರಿಗೆ ಹೆಚ್ಚು, ಬಾರದವರಿಗೆ ಕಡಿಮೆ. ದಿನವೂ ಕಥೆಪುಸ್ತಕ ಹಿಡಿಯುವ ಮಗುವಿಗೆ ಈ ಹದಿನೈದು ಹದಿನೈದೇ ಸೇರಿ ದೊಡ್ಡ ಗಂಟಾಗುತ್ತದೆ. ವರ್ಷವಿಡೀ ಒಂದೇ ಕನ್ನಡ ಪುಸ್ತಕ, ಅದೂ ಸರ್ಕಾರ ಕೊಟ್ಟ ಪಠ್ಯಪುಸ್ತಕವನ್ನಷ್ಟೇ ನೋಡುವ ಮಗುವಿಗೆ? ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು, ಪುಣೆ ಮುಂಬಯಿಯ ಕಟ್ಟಡ ಕೆಲಸಕ್ಕೆ ಹೊರಡುವ ಅಪ್ಪ ಅವ್ವನ ಜೊತೆ ತಿಂಗಳುಗಟ್ಟಲೆ ಹೋಗಿ ಬರುವ ಮಗುವಿಗೆ? ಬರೆದುಕೊಂಡ ಪಟ್ಟಿ ಪಾಟಿಚೀಲದಲ್ಲಿ ಜೊತೆಗೆ ಹೋಗುತ್ತದೆ. ತರಗತಿಯ ಚರ್ಚೆ ಹೋಗುವುದಿಲ್ಲ.

ಎರಡು ಮೂರು ತರಗತಿಯನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡ ಶಿಕ್ಷಕರಿಗೆ, ವರ್ಷದ ನಡುವೆ ಬಂದು ವರ್ಷದ ಕೊನೆಗೆ ಹೋಗುವ ಅತಿಥಿ ಶಿಕ್ಷಕರಿಗೆ ಪಟ್ಟಿಯಷ್ಟು ಸುಲಭದ ಸಾಧನ ಇನ್ನೊಂದಿಲ್ಲ ಎಂಬುದೂ ನಿಜ. ಸುಲಭ ಎಂಬುದನ್ನು ಬೈಗುಳದಂತೆ ಬಳಸುವವರು ಅಂಥ ಕೊಠಡಿಯಲ್ಲಿ ಒಂದು ವಾರ ನಿಂತು ನೋಡಬೇಕು.

ಬಾಯಿಪಾಠ ಎಂದೊಡನೆ ಮೂಗು ಮುರಿಯುವುದು ಈಗಿನ ಫ್ಯಾಷನ್ನು. ನಮ್ಮಲ್ಲಿ ಪದ ಕಲಿತದ್ದೇ ಬಾಯಿಪಾಠದಿಂದ. ಅಮರಕೋಶವನ್ನು ಮಕ್ಕಳು ಅರ್ಥ ತಿಳಿಯುವ ಮೊದಲೇ ಗಂಟಲಿಗಿಳಿಸುತ್ತಿದ್ದರು. ಕನ್ನಡದಲ್ಲಿ ರನ್ನನ ಹೆಸರಿನ ‘ರನ್ನಕಂದ’ ಪದಗಳ ಅರ್ಥಗಳನ್ನು ಕಂದಪದ್ಯದಲ್ಲೇ ಹೇಳುತ್ತದೆ, 14ನೇ ಶತಮಾನದ ಕೊನೆಯ ಅಭಿನವ ಮಂಗರಾಜನ ನಿಘಂಟು ಕೂಡ ಪದ್ಯರೂಪದ್ದು. ಆದರೆ ಇಲ್ಲೊಂದು ವ್ಯತ್ಯಾಸವನ್ನು ಬಾಯಿಪಾಠದ ಪರ ಇರುವವರು ಮರೆಯುತ್ತಾರೆ. ಅಮರಕೋಶದಲ್ಲಿ ಸ್ವರ್ಗ, ಆಕಾಶ, ದಿಕ್ಕು, ಕಾಲ, ಭೂಮಿ, ಪಟ್ಟಣ, ಬೆಟ್ಟ, ಗಿಡಮರ ಹೀಗೆ ಬಳಗ ಬಳಗವಾಗಿ ಪದಗಳು ಕೂತಿವೆ, ಮೇಲೆ ಛಂದಸ್ಸಿನ ಹಿಡಿತ ಬೇರೆ. ನಮ್ಮ ಪಠ್ಯಪುಸ್ತಕದ ಪಟ್ಟಿಯಲ್ಲಿ ಬಳಗವೂ ಇಲ್ಲ, ಲಯವೂ ಇಲ್ಲ. ಪಾಠದಲ್ಲಿ ಯಾವುದು ಮೊದಲು ಬಂತೋ ಅದು ಮೊದಲು.

ಜೇವರ್ಗಿ ಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವವರಲ್ಲಿ ಸಾಲಿಯ ಮುಖ ನೋಡದವರು ಎಷ್ಟೋ ಮಂದಿ. ಪದ ಮೊದಲು ಬಾಯಿಗೆ ಬರುತ್ತದೆ. ಅರ್ಥ ಭಜನೆಗೆ ಕೂತ ರಾತ್ರಿಗಳಲ್ಲಿ, ಹಿರಿಯರು ಬಿಡಿಸಿ ಹೇಳಿದಂತೆ ನಿಧಾನವಾಗಿ ಸೇರುತ್ತದೆ. ಇದನ್ನು ಬಾಯಿಪಾಠದ ಗೆಲುವೆಂದೂ ಹೇಳಬಹುದು, ಸಂದರ್ಭದ ಗೆಲುವೆಂದೂ ಹೇಳಬಹುದು. ನನಗನ್ನಿಸುವಂತೆ ಎರಡೂ ಹೌದು.

ವಿಜ್ಞಾನ ಗಣಿತಕ್ಕೆ ಬಂದರೆ ಪರ ವಾದ ಇನ್ನಷ್ಟು ಗಟ್ಟಿ. ‘ಅವಿಭಾಜ್ಯ ಸಂಖ್ಯೆ’ಯ ಅರ್ಥವನ್ನು ಸಂದರ್ಭದಿಂದ ಊಹಿಸಿ ಎಂದು ಯಾರೂ ಹೇಳಲಾರರು. ಒಂದು ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡ ಪೂರ್ಣಸಂಖ್ಯೆ ಎಂಬ ಆ ವ್ಯಾಖ್ಯೆಯೇ ಪದದ ಜೀವ. ದ್ಯುತಿಸಂಶ್ಲೇಷಣೆ, ಬಾಷ್ಪೀಕರಣ, ಭಾಗಲಬ್ಧ, ಸಾರ್ವಭೌಮ ಇವೆಲ್ಲ ಇದೇ ಜಾತಿ. ಮುಂದೆ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳಲ್ಲಿ ಸಾಮಾನ್ಯ ಕನ್ನಡದ ಪತ್ರಿಕೆ ಬೇರೆ ಕಾದಿರುತ್ತದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸ್ಥಳೀಯ ಹುದ್ದೆಗಳ ಆಸೆ ಬೆಳೆದಿರುವ ಈ ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಸಮಾನಾರ್ಥಕ, ವಿರುದ್ಧಾರ್ಥಕ, ತತ್ಸಮ ತದ್ಭವಗಳು ಅನ್ನದ ಪ್ರಶ್ನೆ. ಅವರೆದುರು ಬಾಯಿಪಾಠವನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ.

ಇಷ್ಟಾದರೂ ವಿರೋಧಿಗಳ ಕೈಯಲ್ಲಿರುವ ಸಾಕ್ಷಿ ಸಣ್ಣದಲ್ಲ. ಆ ಸಾಕ್ಷಿ ಮಕ್ಕಳೇ ಬರೆಯುವ ವಾಕ್ಯಗಳು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಮಕ್ಕಳು ಪದ ಕಲಿಯುವ ಬಗೆಯ ಕುರಿತು ಪ್ರಸಿದ್ಧವಾದ ಲೇಖನವೊಂದನ್ನು ಬರೆದರು. ನಿಘಂಟಿನಲ್ಲಿ ಅರ್ಥ ನೋಡಿ ಸ್ವಂತ ವಾಕ್ಯ ಮಾಡಿ ಎಂದಾಗ ಮಕ್ಕಳು ಏನು ಬರೆಯುತ್ತಾರೆ ಎಂಬುದು ಅದರ ಒಂದು ಭಾಗ. ಮಣ್ಣು ಕೊಚ್ಚಿಹೋಗುವುದಕ್ಕೆ ಹೇಳುವ ಇಂಗ್ಲಿಷ್ ಪದದ ಅರ್ಥದಲ್ಲಿ ‘ತಿನ್ನು’ ಎಂಬ ಮಾತು ಕಂಡ ಮಗುವೊಂದು, ನಮ್ಮ ಮನೆಯವರು ಹೋಟೆಲಿಗೆ ಹೋಗಿ ಉಣ್ಣುತ್ತಾರೆ ಎನ್ನುವ ಜಾಗದಲ್ಲಿ ಆ ಪದವನ್ನೇ ಇಟ್ಟುಬಿಟ್ಟಿತ್ತು.

ಕನ್ನಡದಲ್ಲಿ ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಿಧನ ಎಂದರೆ ಸಾವು ಎಂದು ಕಲಿತ ಮಗು ‘ನಮ್ಮ ಕೋಳಿ ನಿಧನ ಹೊಂದಿತು’ ಎಂದು ಬರೆದರೆ ಅದರ ತಪ್ಪೇನು? ಅಗಲು ಎಂದರೆ ದೂರವಾಗು ಎಂದಿದ್ದರೆ ‘ಕಲಬುರಗಿ ನಮ್ಮೂರಿಂದ ಅಗಲಿದೆ’ ಎಂಬ ವಾಕ್ಯ ಏಕಾಗಬಾರದು? ತೆರು ಎಂದರೆ ಕೊಡು ಎಂದಾದರೆ ‘ಅವ್ವ ನನಗ ರೊಟ್ಟಿ ತೆತ್ತಳು’. ವ್ಯಾಕರಣ ಸರಿ, ಪಟ್ಟಿಯ ಪ್ರಕಾರ ಅರ್ಥವೂ ಸರಿ, ವಾಕ್ಯ ಮಾತ್ರ ನಗೆಪಾಟಲು. ಯಾರು ತೀರಿಕೊಂಡರೆ ನಿಧನ, ಯಾವುದನ್ನು ಕೊಟ್ಟರೆ ತೆರುವುದು ಎಂಬುದನ್ನು ಗೀಟಿನ ಬಲಗಡೆಯ ಒಂದು ಪದ ಹೇಳಲಾರದು. ಕೆಂಪು ಶಾಯಿಯ ಗುರುತು ಬೀಳಬೇಕಾದದ್ದು ಪಟ್ಟಿಯ ಮೇಲೆ, ಬೀಳುವುದು ಮಗುವಿನ ಪಟ್ಟಿಪುಸ್ತಕದ ಮೇಲೆ.

ನಿಜ ಹೇಳಬೇಕೆಂದರೆ ನಮ್ಮ ಸಾಲಿಗಳಲ್ಲಿ ಬಾಯಿಪಾಠವಾಗುತ್ತಿರುವುದು ವ್ಯಾಖ್ಯೆಯೇ ಅಲ್ಲ. ಒಂದು ಪದಕ್ಕೆ ಎದುರಾಗಿ ಇನ್ನೊಂದು ಪದ. ಕ್ಲೇಶ ಗೊತ್ತಿಲ್ಲದ ಮಗುವಿಗೆ ವ್ಯಥೆ ಗೊತ್ತಿರುತ್ತದೆಯೇ? ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಇವೆರಡೂ ಅಷ್ಟೇ ದೂರ. ಒಂದು ಗೊತ್ತಿಲ್ಲದ್ದರ ಜಾಗದಲ್ಲಿ ಈಗ ಎರಡು ಗೊತ್ತಿಲ್ಲದ್ದು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನು ತೆರೆದು ನೋಡಿ. ಅರ್ಥ ಕೊಟ್ಟು ಸುಮ್ಮನಾಗದೆ ಆ ವಿದೇಶಿ ಪಾದ್ರಿ ಸಿಕ್ಕಲ್ಲೆಲ್ಲ ಗಾದೆಗಳನ್ನು, ಪ್ರಯೋಗಗಳನ್ನು ಪಕ್ಕಕ್ಕೆ ಇಟ್ಟಿದ್ದಾನೆ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ಪ್ರಜಾವಾಣಿಯಲ್ಲಿ ಅಷ್ಟು ವರ್ಷ ನಡೆದದ್ದಕ್ಕೆ ಒಂದು ಕಾರಣ, ಅಲ್ಲಿ ಓದುಗ ಕೇಳುತ್ತಿದ್ದ, ಅವರು ಹೇಳುತ್ತಿದ್ದರು. ಪುಸ್ತಕದಲ್ಲಿ ಪಾಠದ ಕೊನೆಗಿದ್ದರೂ ಸಾಲಿಯ ಪಟ್ಟಿ ಯಾರೂ ಕೇಳದ ಪ್ರಶ್ನೆಗೆ ಪಾಠಕ್ಕಿಂತ ಮುಂಚೆಯೇ ಉತ್ತರ ಬರೆಸುತ್ತದೆ.

ಪಟ್ಟಿಯ ಹಿಂದೆ ಇರುವ ಇನ್ನೊಂದು ನಂಬಿಕೆಯನ್ನೂ ವಿರೋಧಿಗಳು ಸರಿಯಾಗಿಯೇ ಕೆಣಕುತ್ತಾರೆ. ಈ ಮಕ್ಕಳಿಗೆ ಪದಗಳೇ ಇಲ್ಲ, ತುಂಬಬೇಕು ಎಂಬ ನಂಬಿಕೆ. ಅಫಜಲಪುರದ ಭೀಮಾ ದಂಡೆಯ ರೈತನ ಮಗಳಿಗೆ ಎರೆಭೂಮಿ, ಮಸಾರಿ, ಕೂರಿಗೆ, ಕುಂಟಿ, ಕಣಿಕೆ, ಬಣವಿ, ಹಗೇವು ಎಲ್ಲ ಗೊತ್ತು. ಎಳೆ ಜೋಳದ ತೆನೆ ಸುಟ್ಟು ತೆಗೆದ ಸೀತನಿ ಗೊತ್ತು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದು ಗೊತ್ತು. ಬೆಂಗಳೂರಿನ ಮಗುವಿಗೆ ಇವುಗಳಲ್ಲಿ ಎಷ್ಟು ಬರುತ್ತವೆ ಎಂದು ಯಾವ ಪರೀಕ್ಷೆಯೂ ಕೇಳುವುದಿಲ್ಲ. ಅಮೆರಿಕದಲ್ಲೂ ಇಂಥದೇ ಚರ್ಚೆ ನಡೆದಿದೆ. ಹಾರ್ಟ್ ಮತ್ತು ರಿಸ್ಲಿ ಎಂಬಿಬ್ಬರು 1995ರಲ್ಲಿ 42 ಕುಟುಂಬಗಳ ಅಧ್ಯಯನ ಪ್ರಕಟಿಸಿ, ಬಡವರ ಮನೆಯ ಮಕ್ಕಳು ಉಳ್ಳವರ ಮಕ್ಕಳಿಗಿಂತ ಕೋಟಿಗಟ್ಟಲೆ ಕಡಿಮೆ ಮಾತು ಕೇಳಿ ಬೆಳೆಯುತ್ತಾರೆ ಎಂದರು. ಮನೆಯಲ್ಲಿ ಸುತ್ತಲಿನವರೆಲ್ಲ ಆಡುವ ಮಾತನ್ನೂ ಲೆಕ್ಕಕ್ಕೆ ಹಿಡಿದ ಆಮೇಲಿನ ಅಧ್ಯಯನಗಳು ಆ ಅಂತರವನ್ನು ಪ್ರಶ್ನಿಸಿವೆ. ಇದರಿಂದ ಪುಸ್ತಕದ ಪದ ಬೇಡ ಎಂದಾಗುವುದಿಲ್ಲ. ಸೀತನಿ ಗೊತ್ತಿದ್ದರೆ ಎಸ್ಸೆಸ್ಸೆಲ್ಸಿ ಪಾಸಾಗುವುದಿಲ್ಲ ಎಂಬುದೂ ಅಷ್ಟೇ ಖರೆ. ಖಾಲಿ ಪಾತ್ರೆಗೆ ಸುರಿಯುವ ಧೋರಣೆ ಮಾತ್ರ ತಪ್ಪು.

ನಮ್ಮ ನೆಲದ್ದೇ ಒಂದು ಸಂಶೋಧನೆಯೂ ಇದೆ. ಒಂದು ಕಾಲಕ್ಕೆ ಕಲಬುರಗಿ ಜಿಲ್ಲೆಯ ಭಾಗವೇ ಆಗಿದ್ದ ಯಾದಗಿರಿಯಲ್ಲಿ ಮತ್ತು ಮಹಾರಾಷ್ಟ್ರದ ವಾಡಾದಲ್ಲಿ ಶೈಲಜಾ ಮೆನನ್ ಹಾಗೂ ಸಂಗಡಿಗರು ಒಂದನೇ ತರಗತಿಯಿಂದ ಮೂರನೇ ತರಗತಿಯವರೆಗೆ ಮಕ್ಕಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ಅದರ ಹ್ರಸ್ವನಾಮ ಲಿರಿಲ್, ಸಾಬೂನಿಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ತಿದ್ದುವುದು, ನಕಲು ಮಾಡುವುದು, ಗುಂಪಾಗಿ ಹೇಳುವುದರಲ್ಲೇ ತರಗತಿಯ ಹೊತ್ತು ಕಳೆದು ಅರ್ಥದ ಮಾತುಕತೆಗೆ ಜಾಗ ತೀರ ಕಡಿಮೆ ಸಿಗುತ್ತಿತ್ತು, ಮೂರನೇ ತರಗತಿಯ ಕೊನೆಗೂ ಬಹಳ ಮಕ್ಕಳಿಗೆ ಒಂದು ಪುಟ್ಟ ಗದ್ಯ ಓದಿ ತಿಳಿದುಕೊಳ್ಳುವುದು ಕಷ್ಟವಾಗಿತ್ತು. ಎರಡೂ ಪಕ್ಷದವರು ಇದನ್ನು ತಮ್ಮ ಕಡೆಗೆ ಎಳೆಯಬಹುದು. ಅರ್ಥ ಹೇಳಲೇ ಇಲ್ಲವಲ್ಲ ಎಂದು ಮಾಸ್ತರರು, ಒಪ್ಪಿಸಿದ್ದು ಓದಾಗಲಿಲ್ಲವಲ್ಲ ಎಂದು ಅವರ ಟೀಕಾಕಾರರು.

ನನಗೆ ಕಾಣುವಂತೆ ಇಬ್ಬರೂ ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ಭಾವಿಸಿ ಜಗಳವಾಡುತ್ತಿದ್ದಾರೆ. ಗೊತ್ತಿರುವ ಸಂಗತಿಗೆ ಹೊಸ ಹೆಸರು ಕಲಿಯುವುದು ಒಂದು. ಗೊತ್ತೇ ಇಲ್ಲದ ಸಂಗತಿಯನ್ನು ಹೆಸರಿನ ಸಮೇತ ಕಲಿಯುವುದು ಇನ್ನೊಂದು. ಇಂಗ್ಲಿಷಿನ ‘ಸ್ಪೆಲ್ಲಿಂಗ್, ಮೀನಿಂಗ್’ ಬಾಯಿಪಾಠ ಮೊದಲ ಬಗೆಯದು. ಮಳೆ, ಎತ್ತು, ಸಂತೆ ಮಗುವಿಗೆ ಗೊತ್ತಿದೆ, ಅದರ ಇಂಗ್ಲಿಷ್ ಹೆಸರಷ್ಟೇ ಬೇಕು. ಅಲ್ಲಿ ಜೋಡಿಪದದ ಪಟ್ಟಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಾಗೆ ನೋಡಿದರೆ ತಾಂಡಾದ ಮಗುವಿಗೆ ಕನ್ನಡದ ಎಷ್ಟೋ ಪದಗಳೂ ಮೊದಲ ಬಗೆಯವೇ. ಗೀಟಿನ ಬಲಗಡೆ ಇನ್ನೊಂದು ಸಂಸ್ಕೃತ ಪದದ ಬದಲು ಲಂಬಾಣಿಯದ್ದೋ, ಮರಾಠಿಯದ್ದೋ, ದಖನಿಯದ್ದೋ ಪದ ಬಂದರೆ ಅರ್ಧ ಕೆಲಸ ಮುಗಿಯಿತು. ಶಿಕ್ಷಕರಿಗೆ ಆ ಭಾಷೆ ಬರಬೇಕೆಂದೇನಿಲ್ಲ, ಮೇಲಿನ ತರಗತಿಯ ಹುಡುಗಿಯೊಬ್ಬಳು ಹೇಳಿಕೊಟ್ಟಾಳು. ಕನ್ನಡದ ಮನೆಯ ಮಕ್ಕಳಿಗೂ ಹಾಗೆಯೇ. ಕ್ಲೇಶಕ್ಕೆ ವ್ಯಥೆ ಎನ್ನುವುದಕ್ಕಿಂತ ತ್ರಾಸ ಎನ್ನಿ, ಕಣ್ಣು ಅರಳುತ್ತದೆ. ಅದೇ ‘ಸಾರ್ವಭೌಮ’ಕ್ಕೆ ಯಾವ ಮನೆಮಾತಿನ ಒಂಟಿ ಪದವೂ ಸಾಲದು. ಅಲ್ಲಿ ಸಂಗತಿಯನ್ನೇ ಕಥೆಮಾಡಿ ಹೇಳಬೇಕು, ಆಮೇಲೆ ವ್ಯಾಖ್ಯೆ.

ಎರಡೂ ಪಕ್ಷದವರು ಕಡೆಗಣಿಸುವ ಮೂರನೆಯ ದಾರಿಯೊಂದು ಕನ್ನಡದ ಒಳಗೇ ಇದೆ. ಪಾಠದಲ್ಲಿ ಇರುವುದು ‘ತೆತ್ತ’, ಪಟ್ಟಿಯಲ್ಲಿ ಇರುವುದು ‘ತೆರು’. ಪಾಠದಲ್ಲಿ ‘ಅಗಲಿದವರನ್ನು’, ನಿಘಂಟಿನಲ್ಲಿ ‘ಅಗಲು’. ಇದರಿಂದ ಅದು ಬಂತೆಂದು ಗೊತ್ತಿಲ್ಲದ ಮಗುವಿಗೆ ಪಟ್ಟಿಯೂ ಉಪಯೋಗವಿಲ್ಲ, ನಿಘಂಟೂ ಉಪಯೋಗವಿಲ್ಲ, ಓದೂ ಸಾಗುವುದಿಲ್ಲ. ಪ್ರತ್ಯಯ ಬಿಡಿಸುವುದನ್ನು, ಸಂಧಿ ಒಡೆಯುವುದನ್ನು ವ್ಯಾಕರಣದ ಪೀರಿಯಡ್ಡಿನಲ್ಲಿ ಕೂಡಿಹಾಕದೆ ಪದ ಕಲಿಸುವಾಗಲೇ ಮಾಡಿದರೆ ಒಂದು ಪದದ ಖರ್ಚಿನಲ್ಲಿ ಹತ್ತು ಸಿಗುತ್ತವೆ. ‘ಚರ’ ಎಂದರೆ ಓಡಾಡುವುದು ಎಂದು ಒಮ್ಮೆ ಗೊತ್ತಾದರೆ ಜಲಚರ, ಉಭಯಚರ, ನಿಶಾಚರ, ಸಹಚರ ಎಲ್ಲ ಬಾಗಿಲು ತೆರೆಯುತ್ತವೆ. ಬುದ್ಧಿಗೇಡಿ ಗೊತ್ತಿರುವ ಮಗುವಿಗೆ ಲಜ್ಜೆಗೇಡಿ ಹೊಸದಲ್ಲ. (ಈ ಎರಡನ್ನೂ ಮಕ್ಕಳು ಸಾಲಿಯ ಹೊರಗೇ ಚೆನ್ನಾಗಿ ಕಲಿತಿರುತ್ತಾರೆ ಎನ್ನಿ.) ಬಾಯಿಪಾಠವೇ ಬೇಕೆನ್ನುವವರು ಇಂಥ ತುಣುಕುಗಳನ್ನು ಬಾಯಿಪಾಠ ಮಾಡಿಸಲಿ, ಅದರ ಬಡ್ಡಿ ಹತ್ತನೇ ತರಗತಿಯವರೆಗೂ ಬರುತ್ತದೆ.

ಸ್ಟಾಲ್ ಮತ್ತು ಫೇರ್‌ಬ್ಯಾಂಕ್ಸ್ ಎಂಬವರು 1986ರಲ್ಲೇ ಹಲವು ಅಧ್ಯಯನಗಳನ್ನು ಕಲೆಹಾಕಿ ಹೇಳಿದ್ದು ಇವತ್ತಿಗೂ ನಿಂತಿದೆ: ಅರ್ಥವನ್ನೂ ಹೇಳಿ, ಬಳಕೆಯನ್ನೂ ತೋರಿಸಿದರೆ ಫಲ ಹೆಚ್ಚು, ಅರ್ಥವನ್ನಷ್ಟೇ ಉರುಹೊಡೆಸಿದರೆ ಅದು ಓದಿನ ಗ್ರಹಿಕೆಗೆ ಅಷ್ಟಾಗಿ ದಾಟುವುದಿಲ್ಲ. ಇಸಾಬೆಲ್ ಬೆಕ್ ಮತ್ತು ಅವರ ಜೊತೆಗಾರರು ಆಮೇಲೆ ಸೇರಿಸಿದ್ದು, ಎಲ್ಲ ಪದಗಳ ಮೇಲೂ ಹೊತ್ತು ಹಾಕಬೇಡಿ, ಮತ್ತೆ ಮತ್ತೆ ಬೇರೆ ಬೇರೆ ಪಾಠಗಳಲ್ಲಿ ಸಿಗುವ ಪದಗಳನ್ನು ಆರಿಸಿಕೊಳ್ಳಿ, ಮಗು ಆಡುವ ಮಾತಿನಲ್ಲೇ ಅರ್ಥ ಹೇಳಿ ಎಂಬುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಹಾಗಾಗಿ ನನ್ನ ತೀರ್ಪು ಮಾಸ್ತರರ ಕಡೆಗೆ ಅರ್ಧ ಹೆಜ್ಜೆ ವಾಲುತ್ತದೆ. ಪುಸ್ತಕವಿಲ್ಲದ ಮನೆಯ ಮಗುವಿನಿಂದ ಪದಗಳ ಪಟ್ಟಿಯನ್ನೂ ಕಿತ್ತುಕೊಳ್ಳುವುದು ಅನ್ಯಾಯ. ಪಟ್ಟಿ ಇರಲಿ, ಆದರೆ ಹದಿನೈದು ಪದಗಳ ಜಾಗದಲ್ಲಿ ನಾಲ್ಕೈದು ಇರಲಿ. ಪಾಠದ ಮೊದಲಿಗೆ ಬರೆಸುವುದು ಬಿಟ್ಟು, ಪದ ಎದುರಾದ ಕಡೆ ನಿಂತು ಹೇಳಲಿ. ಅರ್ಥ ಮನೆಮಾತಿನಲ್ಲಿ ಬರಲಿ, ಎರಡು ವಾಕ್ಯ ಜೊತೆಗಿರಲಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೇಳಲಿ. 2020ರಲ್ಲಿ ‘ಓದುವ ಬೆಳಕು’ ಹೆಸರಿನಲ್ಲಿ ಮಕ್ಕಳಿಗೆ ಬಾಗಿಲು ತೆರೆದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಲಿತ ಪದ ಪಠ್ಯದ ಹೊರಗೆ ಎರಡನೇ ಬಾರಿ ಸಿಗಬೇಕಾದ ಜಾಗ ಅದು, ಸಾಲಿ ಬಿಟ್ಟ ಮೇಲೂ ಅದರ ಬೀಗ ತೆಗೆದಿರಬೇಕು.

ಇದೆಲ್ಲಕ್ಕೂ ಮೊದಲು ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ‘ಈ ಪದದ ಅರ್ಥ ಬರೆಯಿರಿ’ ಎಂದು ಕೇಳುವವರೆಗೂ ಯಾವ ತರಬೇತಿಯೂ ಬಾಯಿಪಾಠವನ್ನು ಅಲುಗಾಡಿಸದು, ಅದಕ್ಕೆ ಮಾಸ್ತರರನ್ನು ದೂರಿ ಫಲವಿಲ್ಲ. ನಾಲ್ಕು ವಾಕ್ಯ ಕೊಟ್ಟು ‘ನಿಧನ’ ಯಾವುದರಲ್ಲಿ ಸರಿಯಾಗಿ ಬಂದಿದೆ ಎಂದು ಕೇಳಲಿ. ಜಿಲ್ಲಾ ಮಟ್ಟದಲ್ಲಿ ಪೂರ್ವಸಿದ್ಧತಾ ಪರೀಕ್ಷೆಗೆ ಪತ್ರಿಕೆ ತೆಗೆಯುವ ಕನ್ನಡ ಶಿಕ್ಷಕರು ಬರುವ ವರ್ಷವೇ ಇಂಥ ಎರಡು ಪ್ರಶ್ನೆ ಸೇರಿಸಿ ನೋಡಲಿ.